ಏಣಿ ಗುರುತಿನ ಪೆಟ್ಟಿಗೆ

ಅಪ್ಪಯ್ಯನ ಅಂಗಡಿಗೆ ಪೇಪರು ಬರುತ್ತಿದ್ದುದು ಒಂದು ದಿನ ತಡವಾಗಿ, ಮಧ್ಯಾಹ್ನದ ಬಸ್ಸಿನಲ್ಲಿ. ಬಂದ ಕೂಡಲೇ ಅಪ್ಪಯ್ಯ ಕೈಲಿದ್ದ ಕೆಲಸ ಬಿಟ್ಟು, ಕನ್ನಡಕ ಹಾಕಿಕೊಂಡು, ಅಂಗಡಿ ಮುಂದಿನ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಏಲಕ್ಕಿ ಮಾರಲು ಬಂದವರು, ಉಪ್ಪು ಮೆಣಸಿನಕಾಯಿಗೆ ಬಂದವರು, ಸುಮ್ಮನೆ ಹೊತ್ತು ಕಳೆಯಲು ಬಂದವರು, ಎಲ್ಲರೂ ಸುತ್ತ ಕೂರುತ್ತಿದ್ದರು. ಉತ್ತರ ಕೊಡಗಿನ ನಮ್ಮ ಸಂತೆಯೂರಿನಲ್ಲಿ ಆಗ ಓದು ಬಲ್ಲವರು ಕಡಿಮೆ. ಲೋಕದ ಸುದ್ದಿ ಊರಿಗೆ ಬರುತ್ತಿದ್ದುದು ಅಪ್ಪಯ್ಯನ ಗಂಟಲಿನಿಂದಲೇ.

ನನ್ನ ತಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳಿಗೆ ಆರೇಳು ವರ್ಷ ಇರಬೇಕು, ಒಂದು ದಿನ ಅಪ್ಪಯ್ಯ ಓದಿ ಮುಗಿಸಿ ಎದ್ದಮೇಲೆ ಅಕ್ಕಿ ಮೂಟೆಯ ಮೇಲೆ ಹತ್ತಿ ನಿಂತಳು. ಖಾಲಿ ಕೈಗಳನ್ನೇ ಪೇಪರು ಹಿಡಿದ ಹಾಗೆ ಅಗಲಿಸಿ, ಅಪ್ಪಯ್ಯನ ಹಾಗೆಯೇ ಗಂಟಲು ಸರಿ ಮಾಡಿಕೊಂಡು, ಅವರು ಓದಿದ್ದನ್ನೆಲ್ಲ ಒಪ್ಪಿಸಿದಳು. ಅರ್ಧಕ್ಕರ್ಧ ತಪ್ಪು. ವೈಸರಾಯರನ್ನು ಬಸರಾಯರು ಅಂದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪಯ್ಯ ಅವಳನ್ನು ಎತ್ತಿ ಇಳಿಸಿ, ಬಾಯಿಗೊಂದು ಬೆಲ್ಲದ ಚೂರು ಇಟ್ಟು, "ನೋಡ್ರಪ್ಪ, ನನ್ನ ಮಗಳು ಲಾಯರಾಯ್ತಾಳೆ" ಅಂದರು.

ಅದೇ ತಿಂಗಳು ಇರಬೇಕು, ನಾನು ಶಾಲೆಯಿಂದ ಓಡುತ್ತ ಬಂದೆ. ಹುಡುಗರೂ ಸೇರಿದ ಹಾಗೆ ಇಡೀ ಕ್ಲಾಸಿಗೆ ಮೊದಲನೆಯವಳಾಗಿದ್ದೆ. ಅಪ್ಪಯ್ಯ ಯಾರದೋ ಏಲಕ್ಕಿ ತೂಗುತ್ತಿದ್ದರು. "ಒಳ್ಳೇದಾಯ್ತು ಕಣವ್ವ, ಒಳಗೋಗಿ ಅವ್ವಂಗೆ ಹೇಳು" ಅಂದರು, ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯದೆ. ತೂಗುವ ಹೊತ್ತಿನಲ್ಲಿ ಯಾವ ವ್ಯಾಪಾರಿಯೂ ಕಣ್ಣು ತೆಗೆಯುವುದಿಲ್ಲ ಅನ್ನುವುದು ಈಗ ತಿಳಿಯುತ್ತದೆ. ಅವತ್ತು ತಿಳಿದದ್ದು ಬೆಲ್ಲ ನನಗೆ ಬರಲಿಲ್ಲ ಅನ್ನುವುದಷ್ಟೇ.

ಅಪ್ಪಯ್ಯ ನನಗೆ ಕಡಿಮೆ ಮಾಡಿದರು ಅಂತ ಹೇಳಿದರೆ ಸುಳ್ಳಾಗುತ್ತದೆ. ಹದಿನಾರಕ್ಕೆ ಮದುವೆಯಾಯಿತು. ಹದಿನೆಂಟು ತುಂಬುವುದರೊಳಗೆ ಗಂಡ ಚಳಿಜ್ವರದಲ್ಲಿ ಹೋದರು. ಅಪ್ಪಯ್ಯನೇ ಗಾಡಿ ಕಟ್ಟಿಸಿಕೊಂಡು ಬಂದು ನನ್ನನ್ನು ಮನೆಗೆ ಕರೆದುತಂದರು. ನೆಂಟರೆಲ್ಲ ಇನ್ನು ಇವಳು ಒಳಗಿರಲಿ ಅಂದಾಗ, ವರ್ಷ ಕಳೆಯುತ್ತಲೂ ಟೀಚರ್ ಟ್ರೈನಿಂಗಿಗೆ ಅಂತ ಮಡಿಕೇರಿ ಬಸ್ಸು ಹತ್ತಿಸಿದವರೂ ಅವರೇ. ಟ್ರೈನಿಂಗ್ ಮುಗಿಸಿ ಬಂದು ನಮ್ಮೂರಿನ ಹೆಣ್ಣುಮಕ್ಕಳ ಶಾಲೆಗೇ ಸೇರಿದೆ. ನಮ್ಮ ಬೀದಿಯಲ್ಲಿ ಸರ್ಕಾರಿ ಕೆಲಸಕ್ಕೆ ಹೋದ ಮೊದಲ ಹೆಂಗಸು ನಾನು. ಇಷ್ಟೆಲ್ಲ ಮಾಡಿದ ಅಪ್ಪನ ಮೇಲೆ ಒಂದು ಚೂರು ಬೆಲ್ಲದ ಕೋಪವನ್ನು ಮೂವತ್ತರ ತನಕ ಇಟ್ಟುಕೊಂಡಿದ್ದೆ ಅಂದರೆ ನಾನು ಎಂಥವಳು ಅನ್ನುವುದು ಗೊತ್ತಾಗುತ್ತದೆ.

ತಂಗಿ ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟಳು. ಕುಶಾಲನಗರದ ಕಡೆ ಐದಾರು ಮೈಲಿ ಆಚೆಯ ಹಳ್ಳಿಗೆ ಕೊಟ್ಟರು. ಹಾಸನದ ಕಡೆಯಿಂದ ಬಂದು ನೆಲೆ ನಿಂತ ಬೇಸಾಯಗಾರರ ಮನೆ. ಅವಳ ಗಂಡ ಸಾಧು ಮನುಷ್ಯ. ಅವಳು ಮಾತಾಡಿದರೆ ತಾನೇ ಮಾತಾಡಿದಷ್ಟು ಖುಷಿಪಡುತ್ತಿದ್ದರು.

ಆಗ ಬೆಳೆದ ಭತ್ತದಲ್ಲಿ ಇಷ್ಟು ಅಂತ ಸರ್ಕಾರಕ್ಕೆ ಲೆವಿ ಅಳೆಯಬೇಕಿತ್ತು. ಒಂದು ವರ್ಷ ಬೆಳೆ ಸರಿಯಾಗಲಿಲ್ಲ. ಆ ನಾಡಿನ ಕಂದಾಯ ನೋಡಿಕೊಳ್ಳುತ್ತಿದ್ದ ಪಾರುಪತ್ಯಗಾರರು ಕಣಕ್ಕೆ ಬಂದರಂತೆ. ಗಂಡಸರೆಲ್ಲ ಕೈ ಕಟ್ಟಿ ನಿಂತಿದ್ದಾಗ ಇವಳು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು, "ಸ್ವಾಮಿ, ಬಾಣಂತಿ ಇರೋ ಮನೆಗೂ ಇಲ್ದಿರೋ ಮನೆಗೂ ಒಂದೇ ಅಳತೆಯಾ? ನಿಮ್ಮನೇಲೂ ಹಂಗೇನಾ?" ಅಂದಳಂತೆ. ಅವರು ಒಳ್ಳೆಯವರು, ನಕ್ಕುಬಿಟ್ಟರು. ಹಳ್ಳಿಯ ಪರವಾಗಿ ಮೇಲಕ್ಕೆ ಬರೆದೂ ಬರೆದರು. ಈ ಸುದ್ದಿ ನಮ್ಮೂರಿಗೆ ಬಂದ ದಿನ ಅಪ್ಪಯ್ಯ ಪೇಪರನ್ನು ಮಡಿಲಲ್ಲಿಟ್ಟುಕೊಂಡು, ಪೇಪರು ಓದುವ ಬದಲು ಇದನ್ನೇ ಹೇಳಿದರು. ಮಾರನೆ ದಿನವೂ ಹೇಳಿದರು. ನಾನು ಶಾಲೆ ಬಿಟ್ಟು ಜಗಲಿ ಹತ್ತುತ್ತಿದ್ದೆ. "ಬಾರವ್ವ, ನೀನೂ ಕೇಳು" ಅಂದರು. ಕೇಳಿದೆ. ನಾನು ಅಕ್ಷರ ಕಲಿಸಿದ ಹುಡುಗಿಯರು ಆಗಲೇ ಗಂಡನ ಮನೆಯಿಂದ ತವರಿಗೆ ಕಾಗದ ಬರೆಯುತ್ತಿದ್ದರು. ಅದನ್ನು ಯಾರೂ ಜಗಲಿಯಲ್ಲಿ ಕೂತು ಹೇಳಿದ್ದು ನನಗೆ ಗೊತ್ತಿಲ್ಲ.

ಕೊಡಗು ಆಗ ಸ್ವಂತ ರಾಜ್ಯ, ಮಡಿಕೇರಿಯೇ ರಾಜಧಾನಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ವಾಪಸು ಬರುವಷ್ಟು ಹತ್ತಿರದಲ್ಲಿ ಸರ್ಕಾರ ಇತ್ತು. ಹಾಗಾಗಿ ಎಲ್ಲರಿಗೂ ಓಟು ಬಂದು ಮೊದಲ ಎಲೆಕ್ಷನ್ನು ಅಂದಾಗ, ನಮ್ಮಂಥವರೂ ಅಲ್ಲಿ ಹೋಗಿ ಕೂರಬಹುದು ಅಂತ ಜನಕ್ಕೆ ಅನ್ನಿಸಿದ್ದು ವಿಚಿತ್ರವಲ್ಲ. ಅಪ್ಪಯ್ಯನಿಗೆ ಹಾಗೆಯೇ ಅನ್ನಿಸಿತು.

ಒಂದು ಭಾನುವಾರ ತಂಗಿ, ಅವಳ ಗಂಡ ಊಟಕ್ಕೆ ಬಂದಿದ್ದರು. ನಾನು ರೊಟ್ಟಿ ಬಡಿಸುತ್ತಿದ್ದೆ. ಅಪ್ಪಯ್ಯ ತಟ್ಟೆ ಮುಟ್ಟದೆ ಅವಳನ್ನೇ ನೋಡಿ, "ನೀನು ನಿಲ್ಲು" ಅಂದರು.

"ಎಲ್ಲಿ ನಿಲ್ಲಲಿ?"

"ಎಲೆಕ್ಷನ್ನಿಗೆ. ಯಾರ ಪಾರ್ಟಿನೂ ಬ್ಯಾಡ. ನಮ್ಮ ಪಾಡಿಗೆ ನಾವು."

ತಂಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಗಂಡನ ಮುಖ ನೋಡಿದಳು. ಅವರು, "ನಿಲ್ಲು, ಅದಕ್ಕೇನು" ಅಂದುಬಿಟ್ಟರು.

"ನಂಗೆ ಸೈನು ಬಿಟ್ರೆ ಬೇರೆ ಬರಿಯಕ್ಕೆ ಬರಲ್ಲ ಅಪ್ಪಯ್ಯ."

"ಬರಿಯಕ್ಕೆ ನಿಮ್ಮಕ್ಕ ಇಲ್ವಾ? ಅವಳು ಬರಕೊಡ್ತಾಳೆ, ನೀನು ಮಾತಾಡು."

ನಾನು ರೊಟ್ಟಿಯ ತಟ್ಟೆ ಕೆಳಗಿಟ್ಟೆ. "ನಾನು ಸರ್ಕಾರಿ ನೌಕರಿಯಲ್ಲಿರೋಳು. ಎಲೆಕ್ಷನ್ನಿಗೆ ಕೈ ಹಾಕೋ ಹಾಗಿಲ್ಲ" ಅಂದೆ. ನಿಯಮ ಇದ್ದದ್ದು ನಿಜ. ಆದರೆ ಆ ನಿಯಮ ಹೇಳುವಾಗ ನನಗಾದ ಸಂತೋಷ ನಿಯಮದಲ್ಲಿ ಬರೆದಿರಲಿಲ್ಲ. ಅಪ್ಪಯ್ಯ, "ಹೌದಲ್ಲ, ನಿನ್ನ ಕೆಲಸಕ್ಕೆ ತೊಂದರೆ ಆಗಬಾರದು" ಅಂದರು. ಇನ್ನೊಂದು ಸಲ ಕೇಳಲಿಲ್ಲ. ಕೇಳುತ್ತಾರೆ ಅಂದುಕೊಂಡಿದ್ದೆ.

ಆ ಮೇಲೆ ಅವರಿಬ್ಬರೇ ಜಗಲಿಯಲ್ಲಿ ಕೂರಲು ಶುರುಮಾಡಿದರು. ಅವಳು ವಾರಕ್ಕೆ ಎರಡು ದಿನ ಬರುತ್ತಿದ್ದಳು. ಒಳಗೆ ನಾನು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದರೆ ಹೊರಗೆ ಅಪ್ಪಯ್ಯ, "ಹಂಗಲ್ಲ, ಅಲ್ಲಿ ಸ್ವಲ್ಪ ನಿಲ್ಲಿಸು, ಜನ ನಿನ್ನ ಕಡೆ ನೋಡಲಿ, ಆಮೇಲೆ ಹೇಳು" ಅನ್ನುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಅಪ್ಪಯ್ಯ ಯಾವತ್ತೂ ನನ್ನ ಜೊತೆ ಅಷ್ಟು ಹೊತ್ತು ಕೂತವರಲ್ಲ. ಕಾಪಿ ಪುಸ್ತಕಗಳಲ್ಲಿ ಆ ದಿನಗಳಲ್ಲಿ ನಾನು ಎಷ್ಟು ಕೆಂಪು ಗೀಟು ಹಾಕಿದೆನೋ, ಪಾಪ ಆ ಮಕ್ಕಳು.

ಅವಳಿಗೆ ಏಣಿಯ ಗುರುತು ಸಿಕ್ಕಿತು. ಅವಳ ಗಂಡ ಕಿತ್ತಳೆ ಕೊಯ್ಯುವ ಬಿದಿರೇಣಿಯನ್ನೇ ಎತ್ತಿನ ಗಾಡಿಗೆ ನೆಟ್ಟಗೆ ಕಟ್ಟಿಕೊಂಡು ಊರೂರು ಸುತ್ತಿದರು. ಗಾಡಿ ಕಂಡ ಕೂಡಲೇ ಜನಕ್ಕೆ ಗುರುತಾಗುತ್ತಿತ್ತು. ಅಡ್ಡಕ್ಕೆ ಬಾಗಿದ ಮರದ ಕೊಂಬೆಗಳಿಗೆಲ್ಲ ಸಿಕ್ಕಿಕೊಳ್ಳುತ್ತಿತ್ತು ಕೂಡ.

ಒಂದು ಸಂತೆ ದಿನ ನಾನು ತರಕಾರಿಗೆ ಹೋಗಿದ್ದೆ. ಗಾಡಿ ಸಂತೆಯ ತುದಿಯಲ್ಲಿ ನಿಂತಿತ್ತು, ತಂಗಿ ಅದರ ಮೇಲೆ ನಿಂತು ಮಾತಾಡುತ್ತಿದ್ದಳು. ಕೊಡೆ ಅಡ್ಡ ಹಿಡಿದು ದಾಟಿ ಹೋಗೋಣ ಅಂದುಕೊಂಡೆ. ಅಷ್ಟರಲ್ಲಿ ಅವಳು ಸ್ವಲ್ಪ ನಿಲ್ಲಿಸಿದಳು. ಜನ ಅವಳ ಕಡೆ ನೋಡಿದರು. ಅಪ್ಪಯ್ಯ ಹೇಳಿಕೊಟ್ಟ ಜಾಗ ಇದೇ ಅಂತ ನನಗೆ ಗೊತ್ತಾಯಿತು.

"ನಮ್ಮಕ್ಕನ್ನ ನೀವೆಲ್ಲ ಬಲ್ರಿ" ಅಂದಳು. "ನಿಮ್ಮ ಹೆಣ್ಣುಮಕ್ಕಳಿಗೆ ಅಕ್ಷರ ಹೇಳ್ಕೊಟ್ಟ ಟೀಚರಮ್ಮ. ಹದಿನೆಂಟಕ್ಕೆ ಕುಂಕುಮ ಅಳಿಸ್ಕೊಂಡು ಬಂದ್ಲು. ಮಡಿಕೇರಿಗೆ ಓದಕ್ಕೆ ಅಂತ ಬಸ್ಸು ಹತ್ತಿದ್ಲು. ಬಸ್ಸು ತುಂಬಿತ್ತು. ಅವಳ ಪಕ್ಕದ ಸೀಟು ಮಾತ್ರ ಖಾಲಿ. ಕೈಕೂಸು ಎತ್ಕೊಂಡ ಹೆಂಗಸೂ ನಿಂತ್ಕೊಂಡೇ ಹೋದ್ಲು, ಆ ಸೀಟಲ್ಲಿ ಕೂರಲಿಲ್ಲ. ಮಡಿಕೇರಿ ಬರೋ ತನಕ ಆ ಸೀಟು ಖಾಲಿ. ಅಂಥೋರು ನಿಮ್ಮನೆಗಳಲ್ಲೂ ಅವ್ರೆ. ಅವರ ಪಕ್ಕ ಕೂರಕ್ಕೆ ನಾನು ಓಟು ಕೇಳ್ತಿದೀನಿ."

ಬಾಳೆಕಾಯಿ ಮಾರುವ ಮುದುಕಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಚಪ್ಪಾಳೆ. ಯಾರೋ ನನ್ನನ್ನು ಗುರುತು ಹಿಡಿದು, "ಇವರೇ, ಇವರೇ" ಅಂದರು. ಎಲ್ಲರೂ ಹಿಂದೆ ತಿರುಗಿ ನನ್ನನ್ನು ನೋಡಿದರು, ಕೈಯಲ್ಲಿ ಕೆಸುವಿನ ಗೆಡ್ಡೆಯ ಚೀಲ ಹಿಡಿದು ನಿಂತಿದ್ದವಳನ್ನು.

ಆ ಖಾಲಿ ಸೀಟಿನ ಮಾತನ್ನು ನಾನು ಒಬ್ಬಳಿಗೇ ಹೇಳಿದ್ದು, ಅವಳಿಗೆ. ಬಾವಿಕಟ್ಟೆಯಲ್ಲಿ, ಅವಳ ಮದುವೆಗೆ ಮುಂಚೆ. ಅಪ್ಪಯ್ಯನಿಗೂ ಹೇಳಿರಲಿಲ್ಲ. ಅವಳು ಅದನ್ನು ಸಂತೆಯಲ್ಲಿ ಹರಡಿ ಇಟ್ಟಿದ್ದಳು. ಅದಕ್ಕೆ ಸಿಟ್ಟು ಬಂದದ್ದು ನ್ಯಾಯವೇ. ಆದರೆ ಸಿಟ್ಟಿನ ಕೆಳಗೆ ಇನ್ನೊಂದು ಇತ್ತು. ಅದು ಬಹಳ ಚೆನ್ನಾದ ಭಾಷಣ. ಮಕ್ಕಳಿಗೆ ಪದ್ಯ ಹೇಳಿಕೊಡುವವಳಿಗೆ ಅಷ್ಟು ತಿಳಿಯುತ್ತದೆ. ನನ್ನದೇ ದುಃಖವನ್ನು ನಾನು ಹೇಳಿದ್ದರೆ ನಾಲ್ಕು ಜನ ಅಯ್ಯೋ ಅನ್ನುತ್ತಿದ್ದರು. ಅವಳು ಹೇಳಿದ್ದಕ್ಕೆ ಸಂತೆಯೇ ಅತ್ತಿತು. ನಾನು ಅನುಭವಿಸಿದ್ದೂ ಅವಳ ಕೈಯಲ್ಲೇ ಬೆಳಗಬೇಕಾ ಅಂತ ಅನ್ನಿಸಿತು.

ಸಂಜೆ ಅವಳು ಮನೆಗೆ ಬಂದಳು. ಮುಖವೆಲ್ಲ ಧೂಳು, ಕಣ್ಣು ಮಾತ್ರ ಹೊಳೆಯುತ್ತಿತ್ತು. "ಕೇಳ್ದೇನಕ್ಕಾ? ಹೆಂಗಿತ್ತು?"

"ಅದನ್ನ ಹೇಳೋಕ್ಕೆ ಮುಂಚೆ ನನ್ನ ಒಂದು ಮಾತು ಕೇಳಬೇಕಿತ್ತು."

ಅವಳಿಗೆ ಅರ್ಥವೇ ಆಗಲಿಲ್ಲ. "ನಾನು ಹೊಗಳಿಯೇ ಹೇಳಿದ್ದಲ್ವಾ?"

ಅಪ್ಪಯ್ಯ ಜಗಲಿಯಿಂದ, "ಅದೇನು ತಪ್ಪು ಮಾತಾ? ಊರೇ ಅತ್ತುಬಿಡ್ತು" ಅಂದರು. ನಾನು ಒಳಗೆ ಹೋಗಿ ಗೆಡ್ಡೆ ಬೇಯಲು ಇಟ್ಟೆ.

ಓಟಿನ ದಿನ ನಮ್ಮ ಶಾಲೆಯೇ ಬೂತು. ಊರ ಹೆಂಗಸರ ಮುಖ ಬಲ್ಲ ಟೀಚರು ಬೇರೆ ಇಲ್ಲವೆಂದು, ನಿಂತವಳ ಅಕ್ಕ ಅನ್ನುವುದನ್ನೂ ನೋಡದೆ, ಹೆಂಗಸರ ಸಾಲಿನಲ್ಲಿ ಗುರುತು ಹಿಡಿಯಲು ನನ್ನನ್ನೇ ಹಾಕಿದ್ದರು. ಆ ಎಲೆಕ್ಷನ್ನಿನಲ್ಲಿ ಈಗಿನ ಹಾಗೆ ಒಂದೇ ಪೆಟ್ಟಿಗೆಯಲ್ಲ. ನಿಂತವರಿಗೆ ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ, ಮೇಲೆ ಅವರವರ ಗುರುತಿನ ಚಿತ್ರ ಅಂಟಿಸಿರುತ್ತಿತ್ತು. ಪರದೆಯ ಹಿಂದೆ ಹೋಗಿ ನಮಗೆ ಬೇಕಾದ ಪೆಟ್ಟಿಗೆಯೊಳಗೆ ಚೀಟಿ ಹಾಕಿ ಬರಬೇಕು. ಪಟ್ಟಿಯಲ್ಲಿ ಹೆಸರು ಹುಡುಕುವುದೇ ದೊಡ್ಡ ಕೆಲಸ. ಗಂಡನ ಹೆಸರು ಹೇಳಿ ಅಂದರೆ ಯಾವ ಹೆಂಗಸೂ ಬಾಯಿ ಬಿಡಳು. ಹಿಂದೆ ನಿಂತವಳು ಹೇಳಬೇಕು, ಅವಳದನ್ನು ಅವಳ ಹಿಂದಿನವಳು. ಪ್ರತಿಯೊಬ್ಬರಿಗೂ ನಾನು ಹೇಳಿದೆ: "ಒಳಗೆ ಯಾರೂ ಇರಲ್ಲ. ಯಾರಿಗೆ ಹಾಕಿದ್ರಿ ಅಂತ ಯಾರಿಗೂ ಗೊತ್ತಾಗಲ್ಲ. ಹೆದರಬೇಡಿ."

ಅವ್ವ ಬಂದಳು. ಮಾತು ಕಡಿಮೆಯ ಅವ್ವ ಅವತ್ತು ಎಲ್ಲರಿಗೂ ಕೇಳುವ ಹಾಗೆ, "ಯಾವುದರೊಳಕ್ಕೆ ಹಾಕಲವ್ವ?" ಅಂದಳು.

"ಅದು ನಿಮ್ಮಿಷ್ಟ. ನಾನು ಹೇಳೋ ಹಾಗಿಲ್ಲ."

"ಮಗಳಿಗೆ ಹಾಕಕ್ಕೆ ನಿನ್ನ ಕೇಳ್ಬೇಕಾ, ಏಣಿ ಎತ್ತಗಿದೆ ಅಂತ ಕೇಳ್ದೆ ಅಷ್ಟೇಯ" ಅಂದಳು. ಸಾಲೆಲ್ಲ ನಕ್ಕಿತು. ಬೂತು ನೋಡಿಕೊಳ್ಳಲು ಬಂದಿದ್ದ ಸಾಹೇಬರೂ ನಕ್ಕರು. ನಾನೂ ನಗಬೇಕಾಯಿತು.

ಮಧ್ಯಾಹ್ನ ಸಾಲು ತೆಳುವಾದಾಗ ಸಾಹೇಬರು, "ಟೀಚರೇ, ನೀವೂ ಹಾಕಿ ಬಂದುಬಿಡಿ" ಅಂದರು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಚೀಟಿ ತೆಗೆದುಕೊಂಡು ಪರದೆಯ ಹಿಂದೆ ಹೋದೆ. ನನ್ನದೇ ಕ್ಲಾಸಿನ ಮೂಲೆ ಅದು. ಮಕ್ಕಳು ಸೀಮೆಸುಣ್ಣದಲ್ಲಿ ಗೀಚಿದ ಗೋಡೆ. ಬೆಂಚಿನ ಮೇಲೆ ಸಾಲಾಗಿ ಪೆಟ್ಟಿಗೆಗಳು. ಏಣಿ ನಡುವಿನಲ್ಲಿತ್ತು. ಹಾಕಲೆಂದೇ ಹೋದವಳು ನಾನು. ಇದನ್ನು ಎಷ್ಟು ಸಲ ನೆನೆದುಕೊಂಡರೂ ಹಾಗೆಯೇ ಅನ್ನಿಸುತ್ತದೆ. ಕೈ ಚಾಚಿದೆ. ಸಂತೆಯಲ್ಲಿ ಜನ ನನ್ನ ಕಡೆ ತಿರುಗಿದ್ದು, ಜಗಲಿಯ ನಗು, "ಊರೇ ಅತ್ತುಬಿಡ್ತು", ಎಲ್ಲ ಒಟ್ಟಿಗೆ ಬಂತು. ಪಕ್ಕದ ಪೆಟ್ಟಿಗೆಯಲ್ಲಿ ಹಾಕಿಬಿಟ್ಟೆ. ಅದು ಯಾರದು ಅಂತ ಕೂಡ ಸರಿಯಾಗಿ ನೋಡಲಿಲ್ಲ. ಆಮೇಲೆ ನೋಡಿದರೆ ನಮ್ಮೂರಿಗೆ ಒಂದು ಸಲವೂ ಕಾಲಿಡದ ಮನುಷ್ಯನದು.

ಹೊರಗೆ ಬಂದು ಮತ್ತೆ ನನ್ನ ಜಾಗದಲ್ಲಿ ಕೂತೆ. ಮುಂದಿನವಳಿಗೆ, "ಯಾರಿಗೂ ಗೊತ್ತಾಗಲ್ಲ, ಹೆದರಬೇಡಿ" ಅಂದೆ.

ತಂಗಿ ಸೋತಳು. ಒಂದೆರಡು ಓಟಿನಲ್ಲಲ್ಲ, ಚೆನ್ನಾಗಿಯೇ ಸೋತಳು. ಸಂತೆಯಲ್ಲಿ ಅತ್ತಿದ್ದ ಜನವೇ ಓಟು ಹಾಕುವಾಗ ಅವರವರ ಜಾತಿ, ಅವರವರ ಪಾರ್ಟಿ ನೋಡಿಕೊಂಡಿದ್ದರು. ನನ್ನ ಚೀಟಿಯಿಂದ ಏನೂ ಆಗುತ್ತಿರಲಿಲ್ಲ. ಸುದ್ದಿ ಬಂದ ದಿನ ಅಪ್ಪಯ್ಯ ಪೇಪರು ಬಿಚ್ಚಲಿಲ್ಲ. ನನಗೆ, ಹೇಳಿಬಿಡುತ್ತೇನೆ, ಸಮಾಧಾನವಾಯಿತು. ಎರಡು ದಿನ ಚೆನ್ನಾಗಿ ಊಟ ಮಾಡಿದೆ, ಚೆನ್ನಾಗಿ ಪಾಠ ಮಾಡಿದೆ. ಮೂರನೆಯ ದಿನ ತಂಗಿ ಬಂದು ಒಲೆಯ ಮುಂದೆ ಕೂತು, ಬೆಂಕಿಗೆ ಕೈ ಕಾಯಿಸುತ್ತ, "ಹೋಗಲಿ ಬಿಡಕ್ಕ, ಯಾರು ಬಿಟ್ರೂ ಮನೆಯೋರ ಓಟು ಪೂರ್ತಿ ನನಗೇ ಬಿತ್ತಲ್ಲ" ಅಂದಳು. ನಾನು ಒಲೆಗೆ ಸೌದೆ ತುರುಕಿದೆ. ಹೊಗೆಗೆ ಕಣ್ಣಲ್ಲಿ ನೀರು ಬಂತು ಅಂತ ಹೇಳಿ ಎದ್ದೆ.

ಅವಳು ಕುಗ್ಗಿದ್ದರೆ ನನಗೆ ಕನಿಕರ ಬರುತ್ತಿತ್ತೋ ಏನೋ. ಅವಳು ಕುಗ್ಗಲಿಲ್ಲ. ಮುಂದಿನ ವಾರವೇ ತನ್ನ ಹಳ್ಳಿಯ ಹಳ್ಳ ದಾಟಲು ಒಂದು ಸಂಕ ಹಾಕಿಸಿ ಅಂತ ಹೆಂಗಸರನ್ನು ಕಟ್ಟಿಕೊಂಡು ಮಡಿಕೇರಿಗೆ ಹೋದಳು. ಅಪ್ಪಯ್ಯ ಮತ್ತೆ ಜಗಲಿಗೆ ಬಂದರು. ಸೋಲಿನಿಂದ ಅವಳದು ಯಾವುದೂ ಕಡಿಮೆಯಾಗಲಿಲ್ಲ, ನನ್ನದು ಒಂದು ಮಾತ್ರ ಕಡಿಮೆಯಾಯಿತು. ಅವಳ ಮುಖ ನೋಡಿ ಮಾತಾಡುವುದು ನನ್ನಿಂದ ಆಗುತ್ತಿರಲಿಲ್ಲ. ನಾನೇ ಅರ್ಜಿ ಕೊಟ್ಟು ಪೊನ್ನಂಪೇಟೆಗೆ ವರ್ಗ ಮಾಡಿಸಿಕೊಂಡೆ. ಅಪ್ಪಯ್ಯ ಬಸ್ಸಿನ ತನಕ ಬಂದರು. "ಅಷ್ಟು ದೂರ ಯಾಕವ್ವ? ಇಲ್ಲಿ ನಿನಗೇನು ಕಮ್ಮಿಯಾಗಿತ್ತು?" ಅಂತ ಕೇಳಿದರು. ಆ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇತ್ತು, ಹೇಳುವ ಹಾಗಿರಲಿಲ್ಲ.

ಪೊನ್ನಂಪೇಟೆಯಲ್ಲಿ ನಾನು ಹೊಸಬಳು. ಮಕ್ಕಳು ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಮಲಯಾಳ ಆಡುವವರು, ಎಸ್ಟೇಟಿನ ಕೂಲಿಗಳ ಲೈನು ಮನೆಗಳಿಂದ ಬರುವ ತಮಿಳಿನವರು. ಕನ್ನಡ ಅವರಿಗೆ ಶಾಲೆಯ ಭಾಷೆ. ನನ್ನ ಕಡೆಯ ಕನ್ನಡ ಕೇಳಿ ಮೊದಮೊದಲು ನಗುತ್ತಿದ್ದರು. ಅಲ್ಲಿ ಯಾರಿಗೂ ನನ್ನ ತಂಗಿ ಗೊತ್ತಿರಲಿಲ್ಲ. ಒಂದು ವರ್ಷ ನಾನು ನಾನಾಗಿಯೇ ಇದ್ದೆ. ಚೆನ್ನಾಗಿತ್ತು.

ಮಾರನೆ ವರ್ಷ ಬೇಸಿಗೆಯಲ್ಲಿ ಅವಳು ನೋಡಲು ಬಂದಳು, ಒಂದು ಚೀಲ ಅವರೆಕಾಳು ಹೊತ್ತುಕೊಂಡು. ಎರಡು ದಿನ ಇದ್ದಳು. ಪಕ್ಕದ ಮನೆಯ ಕೊಡವ ಅಜ್ಜಿಯ ಜೊತೆ, ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ, ಅರ್ಧ ದಿನ ಹರಟೆ ಹೊಡೆದಳು. ನಾನು ವರ್ಷವಿಡೀ ಆ ಅಜ್ಜಿಗೆ ನಮಸ್ಕಾರ ಬಿಟ್ಟು ಬೇರೆ ಹೇಳಿರಲಿಲ್ಲ. ಅವಳು ಹೊರಡುವ ದಿನ ಬಸ್ಸಿಗೆಂದು ಇಬ್ಬರೂ ಗೋಣಿಕೊಪ್ಪಲಿಗೆ ಹೋದೆವು. ಬಸ್ಸಿಗೆ ಇನ್ನೂ ಹೊತ್ತು ಇತ್ತು. ಮೆಣಸಿನ ಮಂಡಿಯ ಮುಂದಿನ ಕಟ್ಟೆಯಲ್ಲಿ ಕೂತೆವು. ಅವಳು ಅಪ್ಪಯ್ಯನ ಆರೋಗ್ಯ, ಸಂಕದ ಕೆಲಸ, ಎಲ್ಲ ಹೇಳುತ್ತಿದ್ದಳು.

"ನಾನು ನಿನಗೆ ಓಟು ಹಾಕಲಿಲ್ಲ" ಅಂದೆ.

"ಏನು?"

"ಪಕ್ಕದ ಪೆಟ್ಟಿಗೇಲಿ ಹಾಕಿದೆ. ಬೇಕು ಅಂತಲೇ."

"ಯಾವ ಗುರುತು?"

ಹೇಳಿದೆ. "ಆ ಮನುಷ್ಯಂಗಾ!" ಅಂದಳು. "ಅವನ ಮುಖ ನಮ್ಮೂರಲ್ಲಿ ಯಾರೂ ನೋಡಿಲ್ಲ!" ಒಂದು ಕ್ಷಣ ಅವಳಿಗೆ ಸಿಟ್ಟು ಬಂದದ್ದು ಅದಕ್ಕೇ ಅನ್ನಿಸಿತು. ಆಮೇಲೆ ನನ್ನ ಕಡೆ ತಿರುಗಿ ಕೂತಳು. "ಯಾಕಕ್ಕ?"

"ಹೊಟ್ಟೆಕಿಚ್ಚಿಗೆ."

ಬೇರೆ ಮಾತು ಸಿಗಲಿಲ್ಲ, ಇರಲೂ ಇಲ್ಲ. ಅವಳು ಅಳಲು ಶುರುಮಾಡಿದಳು. ಮುಖ ಮುಚ್ಚಿಕೊಳ್ಳಲಿಲ್ಲ. ಮೂಟೆ ಹೊರುವವರು, ಜೀಪಿನವರು, ಎಲ್ಲರೂ ನೋಡುತ್ತಿದ್ದರು. ಅವಳಿಗೆ ಪರಿವೆಯೇ ಇರಲಿಲ್ಲ. ನಾನು ಇಬ್ಬರ ಚೀಲಗಳನ್ನೂ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗದೆ ಇದ್ದರೂ, ನಡು ಬೀದಿಯಲ್ಲಿ ಹೀಗೆ ಅಳಲು ಬರುವವಳ ಮೇಲೆ ಆಗಲೂ ನನಗೆ ಅಸೂಯೆಯಾಯಿತು. ಗಂಡ ಸತ್ತಾಗಲೂ ನಾನು ಹಾಗೆ ಅತ್ತವಳಲ್ಲ.

ಬಸ್ಸು ಬಂತು. ಅವಳು ಮುಖ ಒರೆಸಿಕೊಂಡು ನನ್ನ ಕೈಯಿಂದ ಚೀಲ ತೆಗೆದುಕೊಂಡಳು. "ಅಪ್ಪಯ್ಯಂಗೆ ಹೇಳಿದೀಯಾ?"

"ಇಲ್ಲ."

"ಹೇಳ್ಬ್ಯಾಡ. ಅವರು ತಡಕೊಳ್ಳಲ್ಲ" ಅಂದು ಹತ್ತಿದಳು. ಕಿಟಕಿಯಿಂದ ತಿರುಗಿ ನೋಡಲಿಲ್ಲ.

ಎಂಟು ತಿಂಗಳು ಅವಳು ಯಾರ ಕೈಲೂ ಕಾಗದ ಬರೆಸಲಿಲ್ಲ. ಅಪ್ಪಯ್ಯನ ಕಾಗದದಲ್ಲಿ ಅವಳ ಸುದ್ದಿ ಓದಿಕೊಳ್ಳುತ್ತಿದ್ದೆ. ಆಮೇಲೆ ಒಂದು ದಿನ, ಸೈನು ಬಿಟ್ಟು ಬೇರೆ ಬರೆಯದಿದ್ದ ಅವಳದೇ ಕೈಬರಹದ ಕಾರ್ಡು ಬಂತು, ದಪ್ಪ ಅಕ್ಷರ, ಎರಡು ಕಡೆ ಒತ್ತು ಬಿಟ್ಟಿತ್ತು. ಶಿವರಾತ್ರಿಗೆ ಬಾ, ಸಂಕ ಆಗಿದೆ, ನೋಡುವೆಯಂತೆ, ಅಂತ ಬರೆದಿದ್ದಳು. ಬೇರೆ ಏನೂ ಇರಲಿಲ್ಲ. ಹೋದೆ. ಸಂಕದ ಮೇಲೆ ನನ್ನನ್ನು ನಡೆಸಿಕೊಂಡು ಹೋದಳು. ಓಟಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊಡಗು ಮೈಸೂರಿಗೆ ಸೇರಿದ ಮೇಲೆ ಅವಳು ಪಂಚಾಯ್ತಿಗೆ ನಿಂತು ಗೆದ್ದಳು. ಆಗ ಅವಳಿಗೆ ಓಟು ಹಾಕಬೇಕು ಅಂತ ನನಗೆ ಬಹಳ ಆಸೆ ಇತ್ತು. ಆದರೆ ನನ್ನ ಹೆಸರು ಪೊನ್ನಂಪೇಟೆಯ ಪಟ್ಟಿಯಲ್ಲಿತ್ತು.

ರಿಟೈರಾದ ಮೇಲೆ ನಾನು ಅವಳ ಊರಿನಲ್ಲೇ ಒಂದು ಸಣ್ಣ ಮನೆ ಮಾಡಿದ್ದೇನೆ. ಅವಳೇ ಹುಡುಕಿ ಕೊಟ್ಟದ್ದು. ಬೆಳಿಗ್ಗೆ ಇಬ್ಬರೂ ಹಾಲಿನ ಡೈರಿಯ ತನಕ ನಡೆದು ಹೋಗುತ್ತೇವೆ. ಎದುರು ಬಂದವರು ಮೊದಲು ಅವಳಿಗೆ ಕೈ ಮುಗಿಯುತ್ತಾರೆ, ಆಮೇಲೆ ನೆನಪಾದವರಂತೆ ನನ್ನ ಕಡೆ ತಿರುಗುತ್ತಾರೆ. ಅವಳು ನನ್ನ ತೋಳು ಹಿಡಿದು, "ನಮ್ಮಕ್ಕ, ಟೀಚರಮ್ಮ" ಅನ್ನುತ್ತಾಳೆ. ವಯಸ್ಸಾದರೆ ಇದೆಲ್ಲ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಿಲ್ಲ. ಆದರೂ ಬೆಳಿಗ್ಗೆ ಅವಳು ಬಾಗಿಲು ತಟ್ಟುವುದು ಹತ್ತು ನಿಮಿಷ ತಡವಾದರೆ ಚಪ್ಪಲಿ ಮೆಟ್ಟಿಕೊಂಡು ನಾನೇ ಅವಳ ಮನೆಯ ಕಡೆ ಹೊರಡುತ್ತೇನೆ.